ಎಡಿಎಚ್‌ಡಿ ಇರುವ ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ

ಕುಳಿತಲ್ಲಿ ಕೂರದ, ಗಮನ ನಿಲ್ಲದ ಮಗುವಿಗೆ ‘ಹಠಮಾರಿ’, ‘ಸೋಮಾರಿ’ ಎಂಬ ಹಣೆಪಟ್ಟಿ ಅಂಟಿಸಬೇಡಿ. ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವ, ಇಲ್ಲವೇ ಅತಿಯಾಗಿ ಚಡಪಡಿಸುವ ತೊಂದರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ತಂದೆತಾಯಿ ಬೆಳೆಸಿದ ರೀತಿಯಿಂದ ಬರುವುದಲ್ಲ. ‘ಕೈ ತೊಳೆದು, ಪುಸ್ತಕ ತೆಗೆದು, ಓದಲು ಕೂರು’ ಎಂದು ಒಟ್ಟಿಗೆ ಹೇಳಿದರೆ, ಮೊದಲನೆಯದು ಮುಗಿಯುವಷ್ಟರಲ್ಲಿ ಉಳಿದವು ಮನಸ್ಸಿನಿಂದ ಜಾರಿರುತ್ತವೆ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಒಂದನ್ನೇ ಹೇಳಿ. ಮುಗಿಸಿದ ಕೂಡಲೇ ಮೆಚ್ಚಿ. ತಡವಾದ ಮೆಚ್ಚುಗೆಗೆ ಅಷ್ಟು ಬಲವಿಲ್ಲ.

ಗದ್ದಲ ಮಾಡದೆ, ಎಲ್ಲೋ ಮನಸ್ಸಿಟ್ಟು ಕೂರುವ ಮಕ್ಕಳಲ್ಲೂ ಇದು ಇರಬಹುದು. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಗೊತ್ತಾಗದೆ ಉಳಿಯುವುದು ಹೀಗೆಯೇ. ಮನೆ, ಶಾಲೆ ಎರಡೂ ಕಡೆ 6 ತಿಂಗಳಿಗೂ ಹೆಚ್ಚು ಕಾಲ ಲಕ್ಷಣಗಳಿದ್ದು, ಕಲಿಕೆಗೋ ಗೆಳೆತನಕ್ಕೋ ಅಡ್ಡಿಯಾಗುತ್ತಿದ್ದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಶಿಕ್ಷಕರು ಗಮನಿಸಿದ್ದನ್ನೂ ಬರೆಸಿಕೊಂಡು ಹೋಗಿ.