ಅರವತ್ತರ ನಂತರ ಕತ್ತೆ ಸಾಕಣೆ: ಮೂರು ಹೆಣ್ಣುಗತ್ತೆಗಳಿಂದ ಶುರು ಮಾಡುವ ಬಗೆ

ಚೆನ್ನಾಗಿ ಸಾಕಿದ ಕತ್ತೆ 25–30 ವರ್ಷ ಬದುಕುತ್ತದೆ. 62ರ ವಯಸ್ಸಿನಲ್ಲಿ ಮರಿ ತಂದರೆ ಅದರ ಮುಪ್ಪಿಗೆ ನಿಮಗೆ 90 ತುಂಬಿರುತ್ತದೆ. ನಿಮ್ಮ ಕೈಲಾಗದ ದಿನ ಅವನ್ನು ನೋಡುವವರು ಯಾರೆಂದು ಮನೆಯವರ ಜೊತೆ ಕೂತು ಮೊದಲೇ ಗೊತ್ತು ಮಾಡಿಕೊಳ್ಳಿ. ಯಾರೂ ಒಪ್ಪದಿದ್ದರೆ ಮರಿ ಮಾಡಿಸುವ ಯೋಚನೆ ಬಿಟ್ಟು, ವಯಸ್ಸಾದ ಒಂದು ಜೋಡಿಯನ್ನಷ್ಟೇ ಸಾಕಿಕೊಳ್ಳುವುದು ಒಳ್ಳೆಯದು.

ಇಟಲಿಯ ಸಿಸಿಲಿ, ಸಾರ್ಡಿನಿಯಾ ಮೂಲದ ‘ಮಿನಿಯೇಚರ್’ ಕತ್ತೆಯ ವಿಡಿಯೊ ನೋಡಿ ಆಸೆಪಟ್ಟು ವಿಚಾರಿಸುವವರು ಈಗ ಬಹಳ. ಅಮೆರಿಕದಲ್ಲಿ ಆ ಹೆಸರು ಪಡೆಯಲು ಹೆಗಲಿನ ಎತ್ತರ 36 ಇಂಚು ಮೀರಬಾರದು. ನಮ್ಮ ಅಗಸರ, ಕುಂಬಾರರ ಬೂದು ಕತ್ತೆಯೂ ಹೆಚ್ಚುಕಡಿಮೆ ಮೂರಡಿಯದೇ. ವಿಜಯಪುರದ ಬಿಸಿಲಿಗೂ ಒಣ ಮೇವಿಗೂ ಒಗ್ಗಿದ ಈ ನಾಡಕತ್ತೆಯನ್ನು ಬಿಟ್ಟು ಆಮದಿನ ಹಿಂದೆ ಹೋಗುವುದು ಬೇಡ. 2012ರಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷವಿದ್ದ ಕತ್ತೆಗಳು 2019ರ ಜಾನುವಾರು ಗಣತಿಗೆ 1.2 ಲಕ್ಷಕ್ಕೆ ಇಳಿದವು. ಈ ತಳಿ ಉಳಿಸುವ ಕೆಲಸಕ್ಕೆ ನಿಜವಾದ ಬೆಲೆ ಇದೆ.

ಕೊಳ್ಳುವುದಕ್ಕೆ ಊರಿನ ಪರಿಚಯದ ಮನೆಯೇ ಮೇಲು. ಬನಶಂಕರಿ ತೇರು ಎಳೆಯುವ ಬನದ ಹುಣ್ಣಿಮೆಯ ಹೊತ್ತಿಗೆ ಮಹಾರಾಷ್ಟ್ರದ ಜೇಜುರಿಯಲ್ಲಿ ದೊಡ್ಡ ಕತ್ತೆ ಸಂತೆ ಸೇರುತ್ತದೆ. ಅಲ್ಲಿ ಆಯ್ಕೆ ಹೆಚ್ಚು, ರೋಗದ ಭಯವೂ ಹೆಚ್ಚು. ಮುಖ್ಯ ಭಯ ಕತ್ತೆ, ಕುದುರೆಗಳಿಗೆ ತಗಲುವ ಗ್ಲ್ಯಾಂಡರ್ಸ್ ಎಂಬ ಸೋಂಕಿನದು. ಅದು ಮನುಷ್ಯರಿಗೂ ಹರಡುತ್ತದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಕೊಡಿ, ಫಲಿತಾಂಶ ಬರುವ ತನಕ ಹೊಸ ಪ್ರಾಣಿಯನ್ನು ಬೇರೆ ಕಡೆ ಕಟ್ಟಿ, ಒಟ್ಟು 30 ದಿನ ಉಳಿದವುಗಳ ಜೊತೆ ಬಿಡಬೇಡಿ. ವಯಸ್ಸನ್ನು ಹಲ್ಲಿನಲ್ಲಿ ನೋಡಬೇಕು: ಮುಂದಿನ ನಡುವಿನ ಹಾಲುಹಲ್ಲು ಬಿದ್ದು ಹೊಸದು ಬರುವುದು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಬಾಯಿಗೂಡಿದ, ಅಂದರೆ ಹಾಲುಹಲ್ಲೆಲ್ಲ ಬಿದ್ದು ಹೊಸವು ಬಂದ, 5ರಿಂದ 8 ವರ್ಷದ, ಒಮ್ಮೆಯಾದರೂ ಮರಿ ಹಾಕಿದ ಮೂರು ಹೆಣ್ಣು ಸಾಕು. ಒಂದನ್ನೇ ತರಬೇಡಿ. ಒಂಟಿ ಕತ್ತೆ ಕೊರಗಿ ಮೇವು ಬಿಡುತ್ತದೆ.

ಗಂಡು ಮೊದಲ ಎರಡು ವರ್ಷ ಬೇಡವೇ ಬೇಡ. ಬೆದೆಯ ವಾಸನೆ ಹಿಡಿದ ಗಂಡುಗತ್ತೆ ಹಗ್ಗ ಜಗ್ಗಿದರೆ ಇಪ್ಪತ್ತೈದರ ಹುಡುಗನೂ ಬೀಳುತ್ತಾನೆ. ಅರವತ್ತು ದಾಟಿದವರ ಸೊಂಟದ ಮೂಳೆ ಅದನ್ನು ತಡೆಯುವುದಿಲ್ಲ. ಕಚ್ಚುವ ಚಟವೂ ಅದಕ್ಕುಂಟು. ಬೆದೆ ಬಂದಾಗ ಒಳ್ಳೆಯ ಗಂಡನ್ನು ಕರೆಸಿ ಕಟ್ಟಿಸಿದರೆ ಆಯಿತು, ಆದರೆ ಅದಕ್ಕೂ ಗ್ಲ್ಯಾಂಡರ್ಸ್ ಪರೀಕ್ಷೆ ಆಗಿರಬೇಕು.

ಜಾಗದ ವಿಷಯದಲ್ಲಿ ಕಪ್ಪು ಮಣ್ಣಿನ ಎರಿ ಹೊಲ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಕೆಸರು ಗೊರಸಿಗೆ ಮೆತ್ತಿ, ಒಳಗೆ ಕೊಳೆತು ನಾರುತ್ತದೆ. ಕತ್ತೆಯ ಕೂದಲಿಗೆ ಎಣ್ಣೆ ಅಂಶ ಕಡಿಮೆ, ಮಳೆನೀರು ನೇರ ಚರ್ಮಕ್ಕೆ ಇಳಿಯುತ್ತದೆ. ಹಾಗಾಗಿ ನೀರು ನಿಲ್ಲದ ಮರಡಿ ನೆಲ ಆರಿಸಿ, ಇಲ್ಲವೇ ಅರ್ಧ ಅಡಿ ಗರಸು ಹಾಕಿ ದಮ್ಮಸು ಮಾಡಿಸಿ. ಜೋಡಿಗೆ 100 ಚದರಡಿ ನೆರಳು ಲೆಕ್ಕ, ಮೂರಕ್ಕೆ 10 ಅಡಿ ಅಗಲ, 15 ಅಡಿ ಉದ್ದದ ತಗಡಿನ ಚಪ್ಪರ, ಹಿಂಬದಿ ಮತ್ತು ಗಾಳಿಮಳೆ ಬರುವ ಬದಿಗೆ ಗೋಡೆ. ಬಾದಾಮಿ, ಗುಳೇದಗುಡ್ಡದ ಕಡೆ ಪರಸಿ ಕಲ್ಲು ಸುಲಭಕ್ಕೆ ಸಿಗುತ್ತದೆಂದು ಒಳಗೆ ಹಾಸಬೇಡಿ, ಮೂತ್ರ ಬಿದ್ದರೆ ಜಾರಿ ಪ್ರಾಣಿಯೂ ಬೀಳುತ್ತದೆ, ನೀವೂ ಬೀಳುತ್ತೀರಿ. ನಿಮ್ಮ ಬೆನ್ನನ್ನು ನೆನೆದು ಕುಡಿಯುವ ನೀರಿನ ಬಾನಿಗೆ ನಳ ಎಳೆಸಿ, ಕೊಡ ಹೊರಬೇಡಿ. ಬೇಲಿಗೆ ಮುಳ್ಳುತಂತಿ ಬಿಟ್ಟು ಜಾಳಿಗೆ ಹಾಕಿ. ಎರಡು ಗೋಡೆಗಳ ನಡುವೆ ಎರಡಡಿ ಅಗಲದ ಓಣಿ ಕಟ್ಟಿಸಿದರೆ ಚುಚ್ಚುಮದ್ದಿಗೆ, ಗೊರಸು ಕತ್ತರಿಸುವುದಕ್ಕೆ ಯಾರೂ ಸೆಣಸಾಡಬೇಕಿಲ್ಲ.

ಕತ್ತೆ ಹಸಿವಿನಿಂದ ಸಾಯುವುದಕ್ಕಿಂತ ಅತಿ ಅಕ್ಕರೆಯಿಂದ ಕೆಡುವುದೇ ಸಾಕಣೆಮನೆಯಲ್ಲಿ ಹೆಚ್ಚು. 110 ಕಿಲೊ ತೂಗುವ ಪ್ರಾಣಿಗೆ ದಿನಕ್ಕೆ ಸುಮಾರು 2 ಕಿಲೊ ಒಣ ಮೇವು ಸಾಕು. ಜೋಳದ ಕಣಿಕೆ, ಗೋಧಿ ಹೊಟ್ಟು, ಜೊತೆಗೆ ಒಂದು ಹಿಡಿ ತೊಗರಿ ಹೊಟ್ಟು. ಮೂರಕ್ಕೆ ವರ್ಷಕ್ಕೆ 2,200 ಕಿಲೊ, ಹಾಳಾಗುವುದನ್ನೂ ಸೇರಿಸಿ ಎರಡೂವರೆ ಟನ್ ಬಣವಿ ಒಟ್ಟಿಕೊಳ್ಳಿ. ಹಿಂಗಾರಿ ಜೋಳ ಕಿತ್ತ ಮೇಲೆ ಕೊಂಡರೆ ಅಗ್ಗ. ಕಬ್ಬಿನ ಸೋಗೆ, ಬೆಲ್ಲ, ಚಪಾತಿ ದಿನಾ ತಿನ್ನಿಸಿದರೆ ಕುತ್ತಿಗೆಯ ಮೇಲೆ ಕೊಬ್ಬು ಗಟ್ಟಿಯಾಗಿ ದಪ್ಪ ಕಟ್ಟುತ್ತದೆ, ನಂತರ ಗೊರಸಿನೊಳಗೆ ಉರಿಯೂತ ಬಂದು ಹೆಜ್ಜೆ ಇಡಲಾರದು. ಕೊಬ್ಬಿದ ಕತ್ತೆ ಯಾವ ಕಾರಣಕ್ಕಾದರೂ ಒಂದು ದಿನ ಮೇವು ಬಿಟ್ಟರೆ ಮೈಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತು ಕೆಡಿಸುತ್ತದೆ. ಆದ್ದರಿಂದ ಮೇವು ಮುಟ್ಟದ ಕತ್ತೆಗೆ ಅದೇ ದಿನ ಡಾಕ್ಟರನ್ನು ಕರೆಸಿ, ‘ನಾಳೆ ನೋಡೋಣ’ ಬೇಡ. ಎಳೆ ಜೋಳದ ಪೈರಿನಲ್ಲಿ ವಿಷವಿರುತ್ತದೆ. ಬೂಷ್ಟು ಹಿಡಿದ ಗೋವಿನಜೋಳ ಮೆದುಳನ್ನೇ ಕೊಳೆಸುತ್ತದೆ. ಇವೆಲ್ಲಕ್ಕಿಂತ ಕಣ್ಣಿಗೆ ಕಾಣದ ಅಪಾಯ ಕೋಳಿ ಫೀಡಿನದು: ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕತ್ತೆ, ಕುದುರೆಗಳ ಹೃದಯಕ್ಕೆ ಪ್ರಾಣಾಂತಿಕ. ಕೋಳಿ ಸಾಕಿದವರು ಚೀಲ, ಪುಟ್ಟಿ, ಮೊರ ಎಲ್ಲ ಬೇರೆ ಇಡಬೇಕು.

ಗೊರಸನ್ನು 6–10 ವಾರಕ್ಕೊಮ್ಮೆ ತಿಳಿದವರಿಂದ ಕತ್ತರಿಸಿ. ಧನುರ್ವಾಯು, ರೇಬೀಸ್ ಲಸಿಕೆ ತಪ್ಪಿಸಬೇಡಿ. ವರ್ಷಕ್ಕೊಮ್ಮೆ ಹಲ್ಲು ತೋರಿಸಿ. ಜಂತಿನ ಮದ್ದು ಸಗಣಿ ಪರೀಕ್ಷೆಯ ನಂತರ.

ಬೆದೆ ಸುಮಾರು 24 ದಿನಕ್ಕೊಮ್ಮೆ ಬಂದು ಒಂದು ವಾರ ಇರುತ್ತದೆ. ಆಗ ಹೆಣ್ಣು ಕುತ್ತಿಗೆ ಚಾಚಿ ಬಾಯಿ ಚಪ್ಪರಿಸುತ್ತದೆ, ಪದೇ ಪದೇ ಮೂತ್ರ ಬಿಡುತ್ತದೆ. ಗಬ್ಬ 12 ತಿಂಗಳು, ಕೆಲವಕ್ಕೆ 13. ಹಾಗಾಗಿ ದೀಪಾವಳಿ ಮುಗಿದ ಮೇಲೆ ಕಟ್ಟಿಸಿದರೆ ಮುಂದಿನ ವರ್ಷ ಮಳೆ ನಿಂತ ನಂತರ ಒಣ ನೆಲದಲ್ಲಿ ಈಯುತ್ತದೆ. ಈದ ಎರಡು ವಾರದೊಳಗೇ ಮತ್ತೆ ಬೆದೆ ಬರುತ್ತದೆ, ಅದನ್ನು ಬಿಟ್ಟುಬಿಡಿ. ಎರಡು ವರ್ಷಕ್ಕೊಂದು ಮರಿ ಎಂದರೆ ತಾಯಿಯೂ ಸುಧಾರಿಸುತ್ತದೆ, ನಿಮಗೂ ಭಾರವಾಗದು.

ಹಾಲಿನ ಆಸೆ ತೋರಿಸಿ, ದುಬಾರಿಗೆ ಕತ್ತೆ ಮಾರಿ, ಹಾಲನ್ನು ನಾವೇ ಕೊಳ್ಳುತ್ತೇವೆ ಎನ್ನುವವರಿಗೆ ಪಿಂಚಣಿ ಹಣ ಕೊಡಬೇಡಿ. ಮರಿಗೆ ಬಿಟ್ಟು ಉಳಿಯುವುದು ದಿನಕ್ಕೆ ಕಾಲು–ಅರ್ಧ ಲೀಟರ್, ಅದೂ ಮರಿ ಪಕ್ಕದಲ್ಲಿದ್ದರೆ ಮಾತ್ರ ತಾಯಿ ಹಾಲು ಇಳಿಸುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 2024ರಿಂದ ಕತ್ತೆ ಸಾಕಣೆಗೂ 50 ಲಕ್ಷ ರೂಪಾಯಿ ಮಿತಿಯೊಳಗೆ ಅರ್ಧದಷ್ಟು ಸಹಾಯಧನವಿದೆ, ಆದರೆ ಅದು ದೊಡ್ಡ ಘಟಕಗಳ ಮಾತು. ಮೂರು ಕತ್ತೆಯವರು ಸಾಲ ಮಾಡದಿರುವುದೇ ಕ್ಷೇಮ.

ಈಯುವ ರಾತ್ರಿ ಗಡಿಯಾರ ಹತ್ತಿರವಿರಲಿ. ಮರಿ ಎರಡು ಗಂಟೆಯೊಳಗೆ ಎದ್ದು ನಿಲ್ಲಬೇಕು, ಆರು ಗಂಟೆಯೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಿರಬೇಕು, ತಾಯಿಯ ಮಾಸು ಮೂರು ಗಂಟೆಯೊಳಗೆ ಬೀಳಬೇಕು. ಯಾವುದೊಂದು ತಡವಾದರೂ ಪಶು ಸಂಜೀವಿನಿ ಆಂಬುಲೆನ್ಸಿನ 1962ಕ್ಕೆ ಕರೆ ಮಾಡಿ, ಮಾಸನ್ನು ಕೈಯಿಂದ ಜಗ್ಗಬೇಡಿ. ಆರು ತಿಂಗಳಿಗೆ ಹಾಲು ಬಿಡಿಸಿ. ಗಂಡು ಮರಿಯ ಬೀಜವನ್ನು ಒಂದು ವರ್ಷ ತುಂಬುವ ಹೊತ್ತಿಗೆ ಡಾಕ್ಟರರಿಂದ ತೆಗೆಸಿ, ಕೊಡುವಾಗ ಇನ್ನೊಂದರ ಜೊತೆ ಜೋಡಿಯಾಗಿಯೇ ಕೊಡಿ.