ಮರೆಯಾಗಬೇಕಿರುವುದು ಬರಹವೋ, ಬರೆದವರೋ?

ಸಾಮಾಜಿಕ ಜಾಲತಾಣದ ಸೆಟ್ಟಿಂಗ್‌ಗಳಿಗೆ ಕೈಹಾಕುವ ಮುನ್ನ, ಮರೆಮಾಡಬೇಕಿರುವುದು ಬರಹವನ್ನೋ ಅಥವಾ ಬರೆದವರನ್ನೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಮಗುವಿನ ಫೋಟೊ ಬಂಧುಗಳಿಗೆ ಮಾತ್ರ ಕಾಣಲಿ ಎನ್ನುವವರಿಗೆ ಬೇಕಾದದ್ದು ಖಾಸಗಿತನ; ಕಚೇರಿಯ ಅಕ್ರಮ ಊರಿಗೆಲ್ಲ ತಿಳಿಯಲಿ, ಆದರೆ ತಿಳಿಸಿದವರು ಯಾರೆಂಬುದು ಗೊತ್ತಾಗದಿರಲಿ ಎನ್ನುವವರಿಗೆ ಬೇಕಾದದ್ದು ಅನಾಮಧೇಯತೆ.

ಖಾಸಗಿತನಕ್ಕೆ ಹೆಚ್ಚು ಶ್ರಮ ಬೇಕಿಲ್ಲ. ಇನ್‌ಸ್ಟಾಗ್ರಾಮ್ ಖಾತೆಯನ್ನು ‘ಪ್ರೈವೇಟ್’ ಮಾಡಿ, ಗುರುತಿಲ್ಲದ ಫಾಲೋವರ್‌ಗಳನ್ನು ತೆಗೆದುಹಾಕಿ; ಫೇಸ್‌ಬುಕ್‌ನ ಹಳೆಯ ಪೋಸ್ಟ್‌ಗಳನ್ನು ಒಟ್ಟಿಗೇ ಸ್ನೇಹಿತರಿಗಷ್ಟೇ ಸೀಮಿತಗೊಳಿಸಿ; ವಾಟ್ಸ್‌ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಮತ್ತು ‘ಲಾಸ್ಟ್ ಸೀನ್’ ಪರಿಚಿತರಿಗೆ ಮಾತ್ರ ಕಾಣುವಂತೆ ಮಾಡಿ. ಆದರೆ ಇವೆಲ್ಲ ಇತರ ಬಳಕೆದಾರರನ್ನು ತಡೆಯುತ್ತವೆಯೇ ಹೊರತು ಕಂಪನಿಯನ್ನಲ್ಲ. ವಾಟ್ಸ್‌ಆ್ಯಪ್ ಸಂದೇಶಗಳಿಗೆ 2016ರಿಂದ ಪೂರ್ಣ ಗೂಢಲಿಪಿಯ (ಕಳಿಸಿದವರು ಮತ್ತು ಪಡೆದವರಷ್ಟೇ ಓದಬಲ್ಲ) ರಕ್ಷಣೆ ಇದ್ದರೂ, ಯಾರು ಯಾರೊಡನೆ ಯಾವಾಗ ಸಂಪರ್ಕದಲ್ಲಿದ್ದರೆಂಬುದು ಆ ರಕ್ಷಣೆಯೊಳಗೆ ಬರುವುದಿಲ್ಲ.

ಅನಾಮಧೇಯತೆ ಇದಕ್ಕಿಂತ ಬಹಳ ಕಠಿಣ. ಅದಕ್ಕೆ ಬೇರೊಂದು ಹೆಸರು ಇಟ್ಟುಕೊಂಡರೆ ಸಾಲದು. ನಿತ್ಯ ಬಳಸುವ ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆದರೆ, ಆ ಸಂಖ್ಯೆಯನ್ನು ಉಳಿಸಿಕೊಂಡಿರುವ ಸಹೋದ್ಯೋಗಿಯ ಫೋನಿನಲ್ಲಿ ನಿಮ್ಮ ಗುಪ್ತ ಖಾತೆಯೇ ‘ನಿಮಗೆ ಪರಿಚಿತರಿರಬಹುದು’ ಎಂಬ ಸಲಹೆಯಾಗಿ ಮೂಡಬಹುದು. ಆದ್ದರಿಂದ ಹೊಸ ಇಮೇಲ್ ವಿಳಾಸದಿಂದ, ಬೇರೆ ಬ್ರೌಸರ್‌ನಲ್ಲಿ ಖಾತೆ ತೆರೆಯಿರಿ. ಕಾಂಟ್ಯಾಕ್ಟ್‌ಗಳನ್ನು ಓದುವ ಅನುಮತಿಯನ್ನು ಎಂದಿಗೂ ಕೊಡಬೇಡಿ. ನಿಮ್ಮ ಹಳೆಯ ಖಾತೆಯಿಂದ ಹೊಸದನ್ನು ಫಾಲೋ ಮಾಡಬೇಡಿ. ಫೋಟೊ ಕಡತದೊಳಗೆ ತೆಗೆದ ಸ್ಥಳ, ಸಮಯ, ಕ್ಯಾಮೆರಾದ ವಿವರಗಳು ಅಡಗಿರಬಹುದಾದ್ದರಿಂದ ಅವುಗಳನ್ನು ಅಳಿಸಿಯೇ ಹಾಕಬೇಕು. ಇಷ್ಟಾದರೂ, ನಾಲ್ವರಿಗಷ್ಟೇ ಗೊತ್ತಿದ್ದ ಸಂಗತಿಯನ್ನು ಬರೆದರೆ ಬರೆದವರನ್ನು ಪತ್ತೆಹಚ್ಚಲು ಯಾವ ತಂತ್ರಜ್ಞಾನವೂ ಬೇಕಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಿರುವುದು ಇಲ್ಲಿಯೇ.

ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸಂಸ್ಥೆಯ ಸರ್ವರ್ ಮೂಲಕ ಹಾಯಿಸುವ ಸೇವೆ) ಬಳಸಿದರೆ, ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ ಜಾಲತಾಣಕ್ಕೆ ಕಾಣದಿದ್ದರೂ ವಿಪಿಎನ್ ಸಂಸ್ಥೆಗೆ ಕಾಣುತ್ತದೆ. ಗ್ರಾಹಕರ ವಿವರಗಳನ್ನು ಐದು ವರ್ಷ ಕಾಪಿಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ವಿಪಿಎನ್ ಸಂಸ್ಥೆಗಳಿಗೆ ನಿರ್ದೇಶಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆದರೆ ಆ ಹಕ್ಕಿಗೂ ಕಾನೂನಿನ ಮಿತಿಗಳಿವೆ. ಹಾಗಾಗಿ ಈ ಕ್ರಮಗಳು ಮೇಲಧಿಕಾರಿಯಿಂದಲೋ ನೆರೆಹೊರೆಯವರಿಂದಲೋ ಗುರುತನ್ನು ಕಾಪಾಡಬಲ್ಲವು, ತನಿಖಾ ಸಂಸ್ಥೆಯಿಂದ ಕಾಪಾಡುತ್ತವೆಂದು ನಂಬಬಾರದು. ಗುರುತು ಬಯಲಾದರೆ ಕೆಲಸಕ್ಕೋ ಜೀವಕ್ಕೋ ಕುತ್ತು ಬರುವಂತಿದ್ದರೆ, ಪೋಸ್ಟ್ ಹಾಕುವ ಮೊದಲೇ ವಕೀಲರನ್ನು ಭೇಟಿಯಾಗಿ.