ಬಾಲ್ಯವನ್ನು ಕೇಳುವ ಕ್ರಮ: ಆಪ್ತಸಮಾಲೋಚನೆಯ ಕೋಣೆಯಿಂದ

ದೊಡ್ಡವರನ್ನು ಎದುರಿಗೆ ಕೂರಿಸಿಕೊಂಡು ‘ನಿಮ್ಮ ಬಾಲ್ಯ ಹೇಗಿತ್ತು?’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: ‘ಚೆನ್ನಾಗೇ ಇತ್ತು ಮೇಡಂ, ಅಪ್ಪ ಸ್ವಲ್ಪ ಸ್ಟ್ರಿಕ್ಟು ಅಷ್ಟೆ.’ ಆ ‘ಅಷ್ಟೆ’ಯ ಒಳಗೆ ಏನಿದೆ ಎಂದು ತಿಳಿಯಲು ಬೇರೆ ದಾರಿ ಹಿಡಿಯಬೇಕು. ಆತಂಕ, ಖಿನ್ನತೆ, ಗಂಡಹೆಂಡಿರ ಜಗಳ, ಸುಮ್ಮಸುಮ್ಮನೆ ಸುಸ್ತು ಎಂದು ಬರುವವರ ಬಳಿ ನಾನು ಬಾಲ್ಯದ ವಿಷಯ ಕೇಳುವುದು ಹೇಗೆ, ಕೇಳಿದ್ದನ್ನು ಬಳಸುವುದು ಯಾವುದಕ್ಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಯಾರೊಬ್ಬರವೂ ಅಲ್ಲ, ಹಲವರದ್ದನ್ನು ಬೆರೆಸಿ ಹೇಳಿದ್ದು.

ಮೊದಲ ಭೇಟಿಯಲ್ಲಿ ಬಾಲ್ಯದ ಸುದ್ದಿ ಎತ್ತುವುದೇ ಇಲ್ಲ. ನಿದ್ದೆ, ಊಟ, ಕುಡಿತ, ಮಾತ್ರೆ, ಮುಟ್ಟು, ಕೆಲಸ ಇವನ್ನು ಕೇಳುತ್ತೇನೆ. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಪ್ರಶ್ನಾವಳಿ ತುಂಬಿಸುತ್ತೇನೆ: 9 ಪ್ರಶ್ನೆ, ಒಟ್ಟು 27 ಅಂಕ, 10 ಮುಟ್ಟಿದರೆ ಗಂಭೀರವಾಗಿ ನೋಡಬೇಕು. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಉಳಿದದ್ದೆಲ್ಲ ಬದಿಗಿಟ್ಟು ಅದನ್ನೇ ಮಾತಾಡುತ್ತೇವೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಇತ್ತೀಚೆಗೆ ಆಗಿಲ್ಲದಿದ್ದರೆ ವೈದ್ಯರ ಬಳಿ ಕಳಿಸುತ್ತೇನೆ. ಥೈರಾಯ್ಡ್ ಕಡಿಮೆಯಾಗಿ ಬಂದ ಮಂಕುತನಕ್ಕೆ ಅಪ್ಪನ ಕುಡಿತದಲ್ಲಿ ಕಾರಣ ಹುಡುಕುತ್ತಾ ಕೂತರೆ ತಿಂಗಳುಗಳು ವ್ಯರ್ಥ. ಕೆಲವೊಮ್ಮೆ ಎರಡೂ ಇರುತ್ತವೆ, ಆಗ ಎರಡಕ್ಕೂ ಚಿಕಿತ್ಸೆ ಬೇಕು.

ಗುಟ್ಟಿನ ಮಾತನ್ನೂ ಅಂದೇ ಮುಗಿಸಬೇಕು. ‘ನೀವು ಹೇಳಿದ್ದು ಈ ಕೋಣೆ ದಾಟುವುದಿಲ್ಲ, ಆದರೆ ನಿಮ್ಮ ಜೀವಕ್ಕೆ ಅಪಾಯ ಕಂಡರೆ, ಅಥವಾ ಈಗ ಯಾವುದಾದರೂ ಮಗುವಿಗೆ ಲೈಂಗಿಕ ದೌರ್ಜನ್ಯ ಆಗುತ್ತಿದೆ ಎಂದು ಗೊತ್ತಾದರೆ ನಾನು ಸುಮ್ಮನಿರುವಂತಿಲ್ಲ.’ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಅವರು ಎಲ್ಲ ಹೇಳಿಕೊಂಡ ಮೇಲೆ ಈ ಷರತ್ತು ಹೇಳಿದರೆ ನಂಬಿಸಿ ಕೈಕೊಟ್ಟಂತೆ. ಬಾಲ್ಯದಲ್ಲಿ ಒಮ್ಮೆ ನಂಬಿ ಕೆಟ್ಟವರಿಗೆ ಅದು ಎರಡನೇ ಪೆಟ್ಟು.

ಎರಡನೇ ಭೇಟಿಗೆ ಒಂದು ಎ3 ಹಾಳೆ, ಪೆನ್ಸಿಲ್, ರಬ್ಬರ್. ಮೂರು ತಲೆಮಾರಿನ ಕುಟುಂಬದ ನಕ್ಷೆ ಬರೆಯುತ್ತೇವೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಅಡ್ಡಗೀಟು. ಹತ್ತಿರದವರ ನಡುವೆ ಎರಡು ಗೆರೆ, ಬಿಟ್ಟಿರಲಾರದಷ್ಟು ಅಂಟಿಕೊಂಡವರಿಗೆ ಮೂರು, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ, ದೂರವಾದವರಿಗೆ ಚುಕ್ಕಿಗೆರೆ. ಪೆನ್ಸಿಲ್ಲೇ ಆಗಬೇಕು, ಏಕೆಂದರೆ ಮೂರನೇ ಭೇಟಿಯ ಹೊತ್ತಿಗೆ ಅರ್ಧ ಗೆರೆಗಳು ಬದಲಾಗಿರುತ್ತವೆ. ನಕ್ಷೆಗೆ ನಲವತ್ತು ನಿಮಿಷ ಸಾಕು. ಹಾಳೆಯ ಮೇಲೆ ಕಣ್ಣಿಟ್ಟು ಮಾತಾಡುವಾಗ ಜನ ಮುಖ ನೋಡಿ ಹೇಳಲಾಗದ್ದನ್ನೂ ಹೇಳುತ್ತಾರೆ.

ಪಠ್ಯಪುಸ್ತಕದ ನಕ್ಷೆ ನಮ್ಮ ಮನೆಗಳಲ್ಲಿ ಎಡವುವುದು ಸೋದರಮಾವನ ಮದುವೆಯಲ್ಲಿ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಹುಡುಗಿಯ ಅಜ್ಜಿಯೇ ಅತ್ತೆ. ರಕ್ತಸಂಬಂಧದ ಮದುವೆಗೆ ಜೋಡಿಗೆರೆ ಎಳೆದರೆ ಚಿತ್ರವೇನೋ ಸರಿಯಾಗುತ್ತದೆ, ನೋಡಬೇಕಾದ್ದು ಆ ಗೆರೆಯ ಪರಿಣಾಮ. ಗಂಡ ಹೊಡೆದ ರಾತ್ರಿ ಆಕೆ ತವರಿಗೆ ಹೋಗಬೇಕೆಂದರೆ ಅಲ್ಲಿರುವುದು ಗಂಡನ ಅಕ್ಕ, ಅಂದರೆ ಅವಳ ತಾಯಿ. ತಾಯಿ ತಮ್ಮನ ಪರ ನಿಲ್ಲಬೇಕೋ ಮಗಳ ಪರವೋ? ಇಂಥ ಮನೆಯ ಮಕ್ಕಳು ಅಮ್ಮ ಎಲ್ಲಿಗೂ ಹೋಗಲಾರಳು ಎಂಬುದನ್ನು ಬಹಳ ಬೇಗ ಅರಿತು, ಅವಳ ಕಾವಲಿಗೆ ತಾವೇ ನಿಲ್ಲುತ್ತಾರೆ. ದೊಡ್ಡವರಾದ ಮೇಲೆ ಊರು ಬಿಟ್ಟು ಕೆಲಸಕ್ಕೆ ಹೋಗುವಾಗ ಬರುವ ವಿಪರೀತ ಅಪರಾಧಿ ಭಾವಕ್ಕೆ ಕಾರಣ ಹಲವೊಮ್ಮೆ ಇಲ್ಲಿ ಸಿಗುತ್ತದೆ.

ಇನ್ನೊಂದು: ರೇಷನ್ ಕಾರ್ಡಿನಲ್ಲಿ ಇದ್ದವರು ಬೇರೆ, ಮಗು ಬೆಳೆದದ್ದು ಬೇರೆ ಕಡೆ. ತಮ್ಮ ಹುಟ್ಟಿದ ಮೇಲೆ ಅಜ್ಜಿ ಮನೆಗೆ ಕಳಿಸಿದ್ದು, ಮಕ್ಕಳಿಲ್ಲದ ದೊಡ್ಡಮ್ಮನಿಗೆ ‘ಕೊಟ್ಟಿದ್ದು’, ಅಪ್ಪ ಗಲ್ಫ್‌ನಿಂದ ವರ್ಷ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದದ್ದು, ಆರನೇ ಕ್ಲಾಸಿಗೇ ವಸತಿ ಶಾಲೆ ಸೇರಿದ್ದು. ಇವು ಯಾರ ಬಾಯಲ್ಲೂ ಕಷ್ಟ ಎಂದು ಬರುವುದಿಲ್ಲ, ‘ಅನುಕೂಲ’ ಎಂದು ಬರುತ್ತವೆ. ಅದಕ್ಕೆ ನಕ್ಷೆಯ ಕೆಳಗೆ ಕಾಲರೇಖೆ ಎಳೆದು, ಯಾವ ಕ್ಲಾಸಿನಲ್ಲಿದ್ದಾಗ ಯಾರ ಮನೆಯಲ್ಲಿ ಮಲಗುತ್ತಿದ್ದರು ಎಂದು ಬರೆಸುತ್ತೇನೆ. ವಯಸ್ಸು ಕೇಳಿದರೆ ತಡಕಾಡುವವರೂ ಕ್ಲಾಸು ಕೇಳಿದರೆ, ಯಾವ ಮೇಷ್ಟ್ರು ಎಂಬುದರ ಸಮೇತ ಹೇಳುತ್ತಾರೆ.

ಆಮೇಲೆ ಸಣ್ಣ ಪ್ರಶ್ನೆಗಳು. ಜ್ವರ ಬಂದಾಗ ಪಕ್ಕದಲ್ಲಿ ಯಾರು ಕೂರುತ್ತಿದ್ದರು? ಮಾರ್ಕ್ಸ್ ಕಾರ್ಡಿಗೆ ಸಹಿ ಯಾರ ಹತ್ತಿರ ಹಾಕಿಸುತ್ತಿದ್ದಿರಿ, ಯಾವ ಹೊತ್ತು ನೋಡಿಕೊಂಡು? ಅತ್ತಾಗ ಮನೆಯಲ್ಲಿ ಏನನ್ನುತ್ತಿದ್ದರು? ಅಪ್ಪ ಅಮ್ಮ ಮಾತು ಬಿಟ್ಟರೆ ಎಷ್ಟು ದಿನ ಬಿಡುತ್ತಿದ್ದರು, ನಡುವೆ ಸುದ್ದಿ ಮುಟ್ಟಿಸುತ್ತಿದ್ದವರು ಯಾರು? ‘ಊಟಕ್ಕೆ ಬರಬೇಕಂತೆ ಅಂತ ಅಪ್ಪನಿಗೆ ಹೇಳು’ ಎಂದು ಕಳಿಸಲ್ಪಟ್ಟ ಮಗು ದೊಡ್ಡದಾದ ಮೇಲೆ ಆಫೀಸಿನಲ್ಲೂ ಇಬ್ಬರ ಜಗಳದ ನಡುವೆ ಹೋಗಿ ನಿಲ್ಲುತ್ತದೆ, ಸಂಬಳದಲ್ಲಿ ಸೇರದ ಕೆಲಸ ಅದು.

ಇವೆಲ್ಲಕ್ಕಿಂತ ಹೆಚ್ಚು ಕೊಡುವ ಪ್ರಶ್ನೆ: ‘ಸಂಜೆ ಅಪ್ಪನ ಗಾಡಿ ಸದ್ದು ಕೇಳಿದ ತಕ್ಷಣ ಮನೆಯಲ್ಲಿ ಏನೇನಾಗುತ್ತಿತ್ತು?’ ಟಿವಿ ಆರುತ್ತಿತ್ತು, ಅಮ್ಮ ಒಲೆ ಹತ್ತಿರ ಹೋಗುತ್ತಿದ್ದಳು, ತಂಗಿ ಪುಸ್ತಕ ತೆರೆಯುತ್ತಿದ್ದಳು, ‘ನಾನು ಸ್ಟ್ಯಾಂಡ್ ಹಾಕೋ ಸದ್ದು ಕೇಳಿಸಿಕೊಳ್ತಿದ್ದೆ ಮೇಡಂ. ಜೋರಾಗಿ ಹಾಕಿದ್ರೆ ಕುಡಿದಿದ್ದಾರೆ ಅಂತ.’ ಸ್ಟ್ಯಾಂಡಿನ ಸದ್ದಿನಿಂದ ರಾತ್ರಿಯನ್ನು ಅಳೆಯಲು ಕಲಿತ ಆ ಕಿವಿ ಇಪ್ಪತ್ತು ವರ್ಷದ ಮೇಲೆ ಮ್ಯಾನೇಜರ್ ಕಳಿಸಿದ ‘ಕಾಲ್ ಮಿ’ ಎಂಬ ಎರಡು ಪದದಲ್ಲೂ ಅದನ್ನೇ ಹುಡುಕುತ್ತದೆ. ಎದೆ ಡವಡವ, ಅಂಗೈ ತಣ್ಣಗೆ, ಹೊಟ್ಟೆ ಕಿವುಚಿದ ಹಾಗೆ. ದೇಹ ಕೆಟ್ಟಿಲ್ಲ, ಅಂದು ಉಪಯೋಗಕ್ಕೆ ಬಂದ ಎಚ್ಚರ ಇಂದೂ ಇಳಿದಿಲ್ಲ. ನನಗೆ ಬೇಕಾದದ್ದು ಇಂಥ ಕಲಿಕೆ: ಆ ಮನೆಯಲ್ಲಿ ಉಳಿಯಲು ಮಗು ಕಂಡುಕೊಂಡ ನಿಯಮ ಯಾವುದು, ಅದು ಈಗಲೂ ಎಲ್ಲಿ ನಡೆಯುತ್ತಿದೆ. ಯಾರದು ತಪ್ಪು ಎಂಬ ತೀರ್ಪು ಚಿಕಿತ್ಸೆಗೆ ಅಷ್ಟು ಬೇಕಾಗುವುದಿಲ್ಲ.

ಅಂಕ ಲೆಕ್ಕ ಹಾಕುವ ದಾರಿಯೂ ಇದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ನಡೆಸಿದ ‘ಏಸ್’ (ಬಾಲ್ಯದ ಕಹಿ ಅನುಭವಗಳ) ಅಧ್ಯಯನದಿಂದ ಬಂದದ್ದು. ಬಾಲ್ಯದ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ, ಒಂದೂ ಕಾಣದವರಿಗಿಂತ, ಕುಡಿತ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು ಎಂದು 1998ರ ವರದಿ ಹೇಳಿತು. ಈಗ ಆನ್‌ಲೈನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ ‘ನನ್ನದು ಆರು, ನನ್ನ ಕಥೆ ಮುಗಿಯಿತಾ?’ ಎಂದು ಕೇಳಿಕೊಂಡು ಬರುವವರಿದ್ದಾರೆ. ಆ ಪಟ್ಟು ಗುಂಪಿನ ಲೆಕ್ಕ. ಒಬ್ಬೊಬ್ಬರ ಭವಿಷ್ಯ ಹೇಳಲು ಅದನ್ನು ಬಳಸಬಾರದು ಎಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಒಂದೇ ಸಲ ನಡೆದದ್ದಕ್ಕೂ ಹತ್ತು ವರ್ಷ ನಡೆದದ್ದಕ್ಕೂ ಅದರಲ್ಲಿ ಒಂದೇ ಅಂಕ. ಹತ್ತು ಪ್ರಶ್ನೆಗಳಲ್ಲಿ ತಂದೆತಾಯಿಯ ವಿಚ್ಛೇದನ ಇದೆ, ಸಾವು ಇಲ್ಲ. ಒಂದೇ ಸೂರಿನಡಿ ವರ್ಷಗಟ್ಟಲೆ ಮಾತು ಬಿಟ್ಟು ಬದುಕುವ ನಮ್ಮ ಪದ್ಧತಿಯಂತೂ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಇನ್ನಷ್ಟು ಅಗಲವಾದದ್ದು. ಓರಗೆಯ ಮಕ್ಕಳ ಹಿಂಸೆ, ಬೀದಿಯ ಹಿಂಸೆ, ಹೆತ್ತವರ ಸಾವು ಅದರಲ್ಲಿವೆ.

ಅಂಕಪಟ್ಟಿ ಕೇಳದ ಒಂದನ್ನು ನಾನು ತಪ್ಪದೆ ಕೇಳುತ್ತೇನೆ: ‘ಆಗ ನಿಮ್ಮನ್ನು ಕಂಡರೆ ಮುಖ ಅರಳುತ್ತಿದ್ದವರು ಯಾರು?’ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಹೆಚ್ಚು ಅಪಾಯದ ಮನೆಗಳ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಅವರಲ್ಲಿ ಹಲವರಿಗೆ ಅಜ್ಜಿಯೋ ಟೀಚರೋ ನೆರೆಯವರೋ, ನೆಚ್ಚಬಹುದಾದ ಒಬ್ಬರಾದರೂ ಇದ್ದರು. ಆ ಒಬ್ಬರನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸುತ್ತೇನೆ. ಪಕ್ಕದ ಮನೆಯ ಟೈಲರ್ ಆದರೂ ಸರಿಯೇ.

ಇದರಲ್ಲಿ ಕೆಡುವುದು ಎಲ್ಲಿ? ಮೊದಲನೆಯದು ನೆನಪಿನಲ್ಲಿ. ಬಾಲ್ಯದಲ್ಲೇ ದಾಖಲಾದದ್ದನ್ನೂ ದೊಡ್ಡವರಾದ ಮೇಲೆ ನೆನಪಿಸಿಕೊಂಡು ಹೇಳಿದ್ದನ್ನೂ ಹೋಲಿಸಿದ ಅಧ್ಯಯನಗಳಲ್ಲಿ ತಾಳೆ ಬಹಳ ಕಡಿಮೆ. ಹಾಗೆಂದು ಜನ ಸುಳ್ಳು ಹೇಳುತ್ತಾರೆ ಅಂತಲ್ಲ, ನೆನಪು ಇಂದಿನ ಮನಸ್ಸಿನ ಬಣ್ಣ ಹಿಡಿಯುತ್ತದೆ. ಅದಕ್ಕೇ ‘ಯಾರಾದರೂ ಮುಟ್ಟಿರಬಹುದು, ನೆನಪಿಸಿಕೊಳ್ಳಿ’ ಎಂಬಂಥ ದಾರಿ ತೋರುವ ಪ್ರಶ್ನೆ ಕೂಡದು. ತಾವಾಗಿ ಹೇಳಿದರೆ ಕೇಳಬೇಕು, ನಂಬಬೇಕು, ವಿವರ ಕೆದಕಬಾರದು. ಹೇಳುತ್ತಾ ಹೇಳುತ್ತಾ ದನಿ ಇಳಿದು, ಕಣ್ಣು ಒಂದೆಡೆ ನೆಟ್ಟು, ‘ಏನು ಕೇಳಿದ್ರಿ?’ ಎಂದರೆ ಅಲ್ಲಿಗೇ ನಿಲ್ಲಿಸುವುದು. ಪಾದ ನೆಲಕ್ಕೆ ಒತ್ತಿಸಿ, ಕಾಣುವ ಐದು ವಸ್ತು, ಮುಟ್ಟಲು ಸಿಗುವ ನಾಲ್ಕು, ಕೇಳುವ ಮೂರು ಸದ್ದು ಹೆಸರಿಸಲು ಹೇಳಿ, ಸಹಜಕ್ಕೆ ಬಂದ ಮೇಲೇ ಮನೆಗೆ ಕಳಿಸುವುದು. ಭೇಟಿಯ ಕೊನೆಯ ಹದಿನೈದು ನಿಮಿಷ ಹಳೆಯದನ್ನು ಮುಟ್ಟದಿರುವುದು ಇದಕ್ಕೇ.

ಎರಡನೆಯದು ಫೋನ್. ಹೊಸದಾಗಿ ಅರಿವಾದ ಸಿಟ್ಟಿನಲ್ಲಿ ಅದೇ ರಾತ್ರಿ ಅಪ್ಪನಿಗೆ ಕರೆ ಮಾಡಿ ‘ನಿಮ್ಮಿಂದಲೇ ನನಗೆ ಹೀಗಾಗಿದ್ದು’ ಎಂದುಬಿಡುತ್ತಾರೆ. ಎಪ್ಪತ್ತು ದಾಟಿದ ಅಪ್ಪ ‘ಸಾಲ ಮಾಡಿ ಓದಿಸಿದ್ದಕ್ಕೆ ಇದಾ?’ ಎನ್ನುತ್ತಾರೆ, ಅಮ್ಮನ ಬಿಪಿ ಏರುತ್ತದೆ, ಅಣ್ಣ ನಡುವೆ ಬರುತ್ತಾನೆ, ಬಂದವರು ಮೊದಲಿಗಿಂತ ಕುಗ್ಗಿ ಕೂರುತ್ತಾರೆ. ಮೊದಲ ಎರಡು ತಿಂಗಳು ಅಂಥ ಮಾತು ಬೇಡ ಎಂದು ಮುಂಚೆಯೇ ಹೇಳಿಬಿಡುತ್ತೇನೆ. ಬೇಕಿದ್ದರೆ ಪತ್ರ ಬರೆದು ಇಲ್ಲಿಗೆ ತನ್ನಿ, ಕಳಿಸುವುದನ್ನು ಆಮೇಲೆ ನೋಡೋಣ. ಅಪ್ಪ ಹೊಡೆದದ್ದೂ ನಿಜ, ಸಾಲ ಮಾಡಿ ಓದಿಸಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳಲು ಬರುವುದು ಪ್ರಗತಿಯ ಒಳ್ಳೆಯ ಗುರುತು.

ಇನ್ನು ಬದಲಾವಣೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ: ಏನಾಯಿತು, ದೇಹದಲ್ಲಿ ಏನಾಯಿತು, ಯಾವ ಹಳೆಯ ನಿಯಮ ಎದ್ದಿತು, ಈಗ ನಿಜಕ್ಕೂ ಏನು ನಡೆಯಿತು. ದಿನಕ್ಕೆ ಒಂದೇ ನಮೂದು. ನಂತರ ವಾರಕ್ಕೊಂದು ಸಣ್ಣ ಪ್ರಯೋಗ: ಒಂದು ಕೆಲಸಕ್ಕೆ ‘ಈ ವಾರ ಆಗಲ್ಲ’ ಎನ್ನುವುದು, ಗಂಡ ಮುಖ ಗಂಟಿಕ್ಕಿದಾಗ ‘ಏನಾಯ್ತು?’ ಎಂದು ಮೂರು ಸಲದ ಬದಲು ಒಮ್ಮೆ ಮಾತ್ರ ಕೇಳುವುದು. ಆಗಬಹುದು ಎಂದು ಹೆದರಿದ್ದನ್ನು ಮೊದಲೇ ಬರೆದಿಡಬೇಕು. ಬರೆದಿಡದಿದ್ದರೆ ಆಮೇಲೆ ‘ಇದೇನು ದೊಡ್ಡ ವಿಷಯವಲ್ಲ ಬಿಡಿ’ ಎಂದು ಮನಸ್ಸೇ ಅದನ್ನು ಅಳಿಸಿಹಾಕುತ್ತದೆ. ಪ್ರಯೋಗ ದೊಡ್ಡದಾದರೂ ಕೆಡುತ್ತದೆ: ಅತ್ತೆಯ ಎದುರು ಮೊದಲ ‘ಇಲ್ಲ’ ಹೇಳಬೇಡಿ, ತರಕಾರಿಯವನಿಂದ ಶುರುಮಾಡಿ.

ತಾಯಿತಂದೆ ಈಗಲೂ ಒಂದೇ ಮನೆಯಲ್ಲಿದ್ದರೆ ಹಳೆಯದಕ್ಕಿಂತ ಇಂದಿನ ಚುಚ್ಚುಮಾತು ಮುಖ್ಯ. ಅವರನ್ನು ಒಂದು ಭೇಟಿಗೆ ಕರೆಸಿದರೆ ಬಾಲ್ಯದ ವಿಚಾರಣೆ ಮಾಡುವುದಿಲ್ಲ. ಊಟದ ಹೊತ್ತಿನಲ್ಲಿ ಹೋಲಿಕೆ ಬೇಡ, ಕೋಣೆಗೆ ಬರುವ ಮೊದಲು ಬಾಗಿಲು ತಟ್ಟಿ, ಈ ಎರಡೇ ಒಪ್ಪಂದ. ಚಿಕಿತ್ಸೆಗೆ ಬಂದವರು ಒಪ್ಪಿದರೆ ಮಾತ್ರ ಈ ಭೇಟಿ.

ಪಿಎಚ್‌ಕ್ಯೂ-9 ಅನ್ನು ನಾಲ್ಕು ವಾರಕ್ಕೊಮ್ಮೆ ಮತ್ತೆ ತುಂಬಿಸುತ್ತೇನೆ. ಐದು ಅಂಕ ಇಳಿದರೆ ಲೆಕ್ಕಕ್ಕೆ ಬರುವ ಸುಧಾರಣೆ. ಆರೆಂಟು ಭೇಟಿಯಾದರೂ ಕದಲದಿದ್ದರೆ, ನಿದ್ದೆ ಹಾಳಾದರೆ, ಕೆಟ್ಟ ಕನಸು, ಮಂಕು ಹೆಚ್ಚಿದರೆ ಬಾಲ್ಯ ಕೆದಕುವುದನ್ನು ನಿಲ್ಲಿಸಿ ಮನೋವೈದ್ಯರಿಗೆ ಪತ್ರ ಬರೆಯುತ್ತೇನೆ, ಔಷಧಿ ಬೇಕಾಗಬಹುದು. ನಡುವೆ ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಎ3 ಹಾಳೆಯ ಮೂಲೆಯಲ್ಲಿ ಎರಡನೇ ಭೇಟಿಯಂದೇ ಬರೆದುಕೊಟ್ಟಿರುತ್ತೇನೆ.